ಹೆಚ್ಚಿಗೆ ಸಿಕ್ಕ ಒಂದು ಗಂಟೆ

ಗಡಿಯಾರ ತಿರುಗಿಸುವ ವಿಷಯದಲ್ಲಿ ನನ್ನದು ಎಡಬಿಡಂಗಿ ಅಭಿಪ್ರಾಯ. ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ನನ್ನ ನಿದ್ದೆ ಕಸಿದುಕೊಂಡ ದಿನ ಅಮೆರಿಕದ ಸರ್ಕಾರವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಬೈಯುತ್ತೇನೆ. ಅದೇ ಜೂನ್ ತಿಂಗಳಲ್ಲಿ ಎಂಟೂವರೆಗೂ ಬೆಳಕಿದ್ದು, ಅಡುಗೆ ಮುಗಿಸಿ, ಪಾತ್ರೆ ತೊಳೆದು, ಇನ್ನೂ ಒಂದು ವಾಕ್ ಹೋಗಿಬರುವಷ್ಟು ಹೊತ್ತು ಉಳಿದಾಗ ಅದೇ ಸರ್ಕಾರದ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತೇನೆ. ಇನ್ನು ಚಳಿಗಾಲದ ಬಾಗಿಲಲ್ಲಿ ಆ ಗಂಟೆಯನ್ನು ವಾಪಸು ಕೊಡುತ್ತಾರಲ್ಲ, ಆ ಭಾನುವಾರ ಇಡೀ ಊರು, ಇಡೀ ಬೀದಿ, ‘ಒಂದು ಗಂಟೆ ಹೆಚ್ಚಿಗೆ ಸಿಕ್ಕಿತು’ ಎಂದು ಹಲ್ಲು ಕಿಸಿಯುತ್ತದೆ. ನಮ್ಮದನ್ನೇ ಕಿತ್ತುಕೊಂಡು ನಮಗೇ ಕೊಟ್ಟರೆ ಅದಕ್ಕೆ ಥ್ಯಾಂಕ್ಸ್ ಬೇರೆ ಹೇಳಬೇಕೇ?

ನಾವು ಈ ದೇಶಕ್ಕೆ ಬಂದದ್ದು 1998ರ ಮಾರ್ಚ್ ಕೊನೆಯಲ್ಲಿ, ಒಂದೂವರೆ ವರ್ಷದ ಮಗಳನ್ನು ಕಂಕುಳಲ್ಲಿ ಇರುಕಿಕೊಂಡು, ಡೆಟ್ರಾಯಿಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ಗೆ. ಬಂದ ಎರಡನೇ ಭಾನುವಾರ ದಾವಣಗೆರೆ ಕಡೆಯ ಒಂದು ಕುಟುಂಬ ಊಟಕ್ಕೆ ಕರೆದಿತ್ತು. ಹನ್ನೆರಡೂವರೆಗೆ ಬನ್ನಿ ಅಂದಿದ್ದರು, ನಾವು ಶಿಸ್ತಾಗಿ ಹನ್ನೆರಡೂವರೆಗೇ ಹೋದೆವು. ಗಡಿಯಾರ ಮುಂದೆ ಹೋಗಿರುವುದು ನಮಗೆ ಗೊತ್ತಿರಲಿಲ್ಲ, ಅಂದರೆ ನಾವು ಹೋದದ್ದು ಒಂದೂವರೆಗೆ. ಆದರೆ ಆ ಮನೆಯಲ್ಲಿ ಯಾರೂ ಹುಬ್ಬು ಕೂಡ ಏರಿಸಲಿಲ್ಲ. ನಮ್ಮವರ ಮನೆ ಊಟಕ್ಕೆ ಒಂದು ಗಂಟೆ ತಡ ಅಂದರೆ ಅದು ತಡವಲ್ಲ, ಮರ್ಯಾದೆ. ಬಿರಿಯಾನಿ ತಿಂದು, ಮಲಗೆದ್ದು, ಚಹಾ ಕುಡಿದು ಬಂದೆವು. ವಿಷಯ ಗೊತ್ತಾದದ್ದು ಸೋಮವಾರ, ನಮ್ಮ ಯಜಮಾನರು ಹೊಸ ಕೆಲಸಕ್ಕೆ ಒಂಬತ್ತು ಗಂಟೆಗೆ ಅಂತ ಹತ್ತು ಗಂಟೆಗೆ ಹೋಗಿ ನಿಂತಾಗ. ಅವರ ಮ್ಯಾನೇಜರ್ ಪುಣ್ಯಾತ್ಮ, ಗೋಡೆ ಗಡಿಯಾರದ ಕಡೆ ಬೆರಳು ತೋರಿಸಿ ನಕ್ಕನಂತೆ.

ತುಮಕೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ, “ಯಾರನ್ನ ಕೇಳಿ ಮಾಡಿದ್ರು?” ಅಂದರು.

“ಸರ್ಕಾರ ಮಾಡತ್ತೆ ಅಮ್ಮ, ಎಲ್ರಿಗೂ.”

“ಕೋಳಿಗೆ ಯಾರು ಹೇಳ್ತಾರೆ?”

ನಾನು ಫೋನನ್ನು ಯಜಮಾನರ ಕೈಗೆ ಕೊಟ್ಟೆ.

ಮೂರು ವರ್ಷದ ಮೇಲೆ ಯಜಮಾನರಿಗೆ ಓಕ್ ಬ್ರೂಕ್‌ನಲ್ಲಿ ಕೆಲಸ ಸಿಕ್ಕಿ, ಶಿಕಾಗೋ ಹೊರವಲಯದ ಲೊಂಬಾರ್ಡ್‌ಗೆ ಬಂದೆವು. ನಮ್ಮ ನಾದಿನಿ, ಅಂದರೆ ಯಜಮಾನರ ತಂಗಿ, ಅಷ್ಟರಲ್ಲಿ ಗಂಡ ಮಕ್ಕಳೊಂದಿಗೆ ಅದೇ ರಾಚೆಸ್ಟರ್ ಹಿಲ್ಸ್‌ಗೆ ಬಂದಿದ್ದಳು. ಎರಡೂ ಮನೆಗಳ ನಡುವೆ ಐದು ಗಂಟೆ ದಾರಿ, ಒಂದು ಗಂಟೆ ಟೈಮ್ ವ್ಯತ್ಯಾಸ. ಅಲ್ಲಿ ಹನ್ನೆರಡು ಅಂದರೆ ಇಲ್ಲಿ ಹನ್ನೊಂದು. ಮಧ್ಯೆ ಇಂಡಿಯಾನಾ ರಾಜ್ಯ. ಆಗ ಅಲ್ಲಿಯ ಬಹುಪಾಲು ಜನ ಗಡಿಯಾರ ಮುಟ್ಟುತ್ತಲೇ ಇರಲಿಲ್ಲ. ಆ ರಾಜ್ಯದ ಬಗ್ಗೆ ನನಗೆ ವಿಪರೀತ ಗೌರವವಿತ್ತು.

ಮುಸಲ್ಮಾನರ ಮನೆಯಲ್ಲಿ ಈ ಗಡಿಯಾರದ ಕಾಟ ಒಂದು ಕೈ ಹೆಚ್ಚು. ಐದು ಹೊತ್ತಿನ ನಮಾಜು, ರಂಜಾನಿನ ರೋಜಾ ಅಂದರೆ ಉಪವಾಸ, ಎಲ್ಲ ಸೂರ್ಯನ ಲೆಕ್ಕ. ಸೂರ್ಯ ಯಾರ ಮಾತನ್ನೂ ಕೇಳುವವನಲ್ಲ. ತುಮಕೂರಿನಲ್ಲಿ ಸಂಜೆ ಮಸೀದಿಯ ಅಜಾನ್ ಕಿವಿಗೆ ಬಿದ್ದರೆ ಖರ್ಜೂರ ಬಾಯಿಗೆ, ಅಷ್ಟೇ. ಲೊಂಬಾರ್ಡಿನ ಬೀದಿಯಲ್ಲಿ ಯಾವ ಅಜಾನೂ ಕೇಳಿಸುವುದಿಲ್ಲ. ಮಸೀದಿಯವರು ತಿಂಗಳ ವೇಳಾಪಟ್ಟಿ ಅಚ್ಚು ಹಾಕಿಸಿ ಕೊಡುತ್ತಾರೆ. ಅದನ್ನು ಫ್ರಿಜ್ ಮೇಲೆ ಅಂಟಿಸಿ, ಕೈಗಡಿಯಾರ ನೋಡಿಕೊಂಡು ರೋಜಾ ಬಿಡುವುದು. ನಿಮಿಷಕ್ಕೆ ನಿಮಿಷ.

2004ರಲ್ಲಿ ರಂಜಾನ್ ಅಕ್ಟೋಬರ್ ಮಧ್ಯದಲ್ಲಿ ಶುರುವಾಯಿತು. ಮಗಳಿಗೆ ಎಂಟು ವರ್ಷ. ಅಲ್ಲಿಯವರೆಗೆ ಮಧ್ಯಾಹ್ನದವರೆಗೆ ಉಪವಾಸ ಇದ್ದು ‘ಅರ್ಧ ರೋಜಾ’ ಅಂತ ಜಂಬ ಕೊಚ್ಚುತ್ತಿದ್ದವಳು, ಈ ಸಲ ಪೂರ್ತಿ ಹಿಡಿಯುತ್ತೇನೆ ಎಂದು ಹಟಕ್ಕೆ ಬಿದ್ದಳು. ಎಳೆಯ ಮಕ್ಕಳಿಗೆ ರೋಜಾ ಕಡ್ಡಾಯವಲ್ಲ. ಆದರೆ ಮಗು ತಾನಾಗಿ ಮೊದಲ ಸಲ ಪೂರ್ತಿ ರೋಜಾ ಹಿಡಿದರೆ ಅದು ನಮ್ಮ ಕಡೆ ಸಣ್ಣ ಮದುವೆಯಿದ್ದಂತೆ. ಹೊಸ ಬಟ್ಟೆ, ಹೂವಿನ ಹಾರ, ನೆಂಟರಿಷ್ಟರು, ಎಲ್ಲರ ನಡುವೆ ಕೂರಿಸಿ ಇಫ್ತಾರ್ ಮಾಡಿಸುವುದು, ಉಡುಗೊರೆ, ಫೋಟೋ. ನನಗೆ ನಮ್ಮಮ್ಮ ಮಾಡಿಸಿದ್ದರು. ನನ್ನ ಮಗಳಿಗೂ ಆಗಬೇಕು, ಅಮೆರಿಕದಲ್ಲಿದ್ದೇವೆ ಅಂತ ಅವಳಿಗೆ ಯಾವುದೂ ತಪ್ಪಬಾರದು ಅನ್ನುವುದು ನನ್ನ ಹಟ.

ಸ್ಕೂಲಿಲ್ಲದ ದಿನ ಬೇಕಲ್ಲ? ಹಾಗಾಗಿ ಅಕ್ಟೋಬರ್ ಕೊನೆಯ ಭಾನುವಾರ ಗೊತ್ತು ಮಾಡಿದೆ. ಗಡಿಯಾರ ಹಿಂದೆ ಹೋಗುವ ದಿನವೂ ಅದೇ. ಬೀದಿಯ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಗೆ ಬಂದು ಚಾಕೊಲೇಟು ಕೇಳುವ ಹ್ಯಾಲೊವೀನ್ ಹಬ್ಬವೂ ಅವತ್ತೇ. ಇಷ್ಟನ್ನೂ ನೋಡದೆ ದಿನ ಗೊತ್ತು ಮಾಡಿದ ನನ್ನ ಬುದ್ಧಿಗೆ ಏನು ಹೇಳೋಣ.

ಆ ವರ್ಷ ಅತ್ತೆ ನಮ್ಮಲ್ಲಿದ್ದರು, ಆರು ತಿಂಗಳ ವೀಸಾದ ಮೇಲೆ. ಹಾವೇರಿ ಕಡೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ರಿಟೈರ್ ಆದವರು. ಬೈಯುವಾಗ ಉರ್ದು, ಬುದ್ಧಿ ಹೇಳುವಾಗ ಕನ್ನಡ, ಹೀಗೆ ಅವರದೊಂದು ಪದ್ಧತಿ. ಮೊಮ್ಮಗಳ ಮೊದಲ ರೋಜಾಕ್ಕೆಂದು ಊರಿಂದಲೇ ಒಂದು ಪುಟ್ಟ ಕೈಗಡಿಯಾರ ತಂದಿದ್ದರು. ಕೆಂಪು ಪಟ್ಟಿ, ಬಿಳಿ ಮುಖ, ಮುಳ್ಳಿನದು. ಅದರಲ್ಲಿ ಟೈಮ್ ನೋಡುವುದನ್ನು ಒಂದೇ ವಾರದಲ್ಲಿ ಕಲಿಸಿಬಿಟ್ಟರು. ಮಗಳು ಸ್ನಾನಕ್ಕೂ ಅದನ್ನು ಬಿಚ್ಚುತ್ತಿರಲಿಲ್ಲ, ಮಲಗುವಾಗಲೂ ಬಿಚ್ಚುತ್ತಿರಲಿಲ್ಲ.

ಶನಿವಾರ ಇಫ್ತಾರ್ ಆದಮೇಲೆ ಯಜಮಾನರು ಎದ್ದರು. ವರ್ಷಕ್ಕೆರಡು ಸಲ ಅವರಿಗದು ಹಬ್ಬ. ಕುರ್ಚಿ ಎಳೆದುಕೊಂಡು ಗೋಡೆ ಗಡಿಯಾರ, ಆಮೇಲೆ ಮೈಕ್ರೊವೇವ್, ಒಲೆ, ವಿಸಿಆರ್, ಅಲಾರಾಂ, ಕೊನೆಗೆ ಎರಡು ಕಾರು. ಕಾರಿನದನ್ನು ಹೇಗೆ ಬದಲಾಯಿಸುವುದೆಂದು ಪ್ರತಿ ಸಲ ಮರೆತು, ಕೈಪಿಡಿ ಹುಡುಕಿ, ನನ್ನ ಮೇಲೆ ರೇಗಿ, ಅಂತೂ ಮುಗಿಸಿದರು.

ಅತ್ತೆ ಸೋಫಾದಲ್ಲಿ ಕೂತು ಇದನ್ನೆಲ್ಲ ನೋಡಿ, “ಏನ ಹುಚ್ಚ ಮಂದಿ ಅದಾರವಾ ಇವರು! ಮಂದಿ ಲಗೂ ಏಳಬೇಕಂದ್ರ ಲಗೂ ಏಳ್ರಿ ಅಂತ ಹೇಳಬೇಕು. ಗಡಿಯಾರ ಏನ ಪಾಪ ಮಾಡೇತಿ?” ಅಂದರು.

ನಾನು ಫ್ರಿಜ್ ಮುಂದೆ ಮಗಳನ್ನು ನಿಲ್ಲಿಸಿ ಮಸೀದಿಯ ವೇಳಾಪಟ್ಟಿ ತೋರಿಸಿದೆ. ಅದರಲ್ಲಿ ಭಾನುವಾರದಿಂದ ಹೊಸ ಟೈಮೇ ಅಚ್ಚಾಗಿತ್ತು. “ನೋಡು, ನಾಳೆ ನಾಲ್ಕು ನಲವತ್ತೇಳು. ನಿನ್ನ ವಾಚ್‌ನಲ್ಲಿ ನಾಲ್ಕು ನಲವತ್ತೇಳು ಆದಮೇಲೆನೇ ಖರ್ಜೂರ ಮುಟ್ಟಬೇಕು. ಒಂದು ನಿಮಿಷ ಮುಂಚೆ ಇಲ್ಲ. ತಿಳೀತಾ?”

“ಫೋರ್ ಫಾರ್ಟಿ ಸೆವೆನ್,” ಎಂದು ತಲೆಯಾಡಿಸಿ, ಆ ಕೈಗಡಿಯಾರ ಕಟ್ಟಿಕೊಂಡೇ ಹೋಗಿ ಮಲಗಿದಳು. ಮನೆಯ ಏಳೋ ಎಂಟೋ ಗಡಿಯಾರ ಹಿಂದೆ ಹೋದವು. ಅವಳ ಕೈಯಲ್ಲಿದ್ದದ್ದು ಯಾರಿಗೂ ನೆನಪಾಗಲಿಲ್ಲ.

ಭಾನುವಾರ ನಸುಕಿನಲ್ಲಿ, ರೋಜಾಕ್ಕೆ ಮುಂಚಿನ ಊಟ ಸೆಹ್ರಿಗೆ, ತಾನಾಗಿ ಎದ್ದು ಕೂತಳು. ಕಣ್ಣು ಮುಚ್ಚಿಕೊಂಡೇ ಒಂದು ಪರೋಟ, ಒಂದು ಲೋಟ ಹಾಲು ಮುಗಿಸಿದಳು. ನಮ್ಮೆಲ್ಲರ ಕಣ್ಣೂ ಅರ್ಧ ಮುಚ್ಚೇ ಇದ್ದವು, ಯಾರು ವಾಚ್ ನೋಡುತ್ತಾರೆ?

ನನ್ನ ಪ್ಲಾನ್ ಬಹಳ ಚೆನ್ನಾಗಿತ್ತು. ಮಧ್ಯಾಹ್ನ ಎರಡಕ್ಕೆ ಬಜ್ಜಿ ಹಿಟ್ಟು, ಎರಡೂವರೆಗೆ ನನ್ನ ಸ್ನಾನ, ಮೂರಕ್ಕೆ ಮಗಳಿಗೆ ಅಲಂಕಾರ, ಮೂರೂವರೆಗೆ ನಾದಿನಿಯ ಸಂಸಾರ, ನಾಲ್ಕೂಕಾಲಿಗೆ ಉಳಿದ ನೆಂಟರು. ಒಂದೂವರೆಗೆ ಬೆಲ್ಲಾಯಿತು. ತಲೆಗೆ ಮೆಹಂದಿ ಮೆತ್ತಿಕೊಂಡು, ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಾನು ಬಾಗಿಲು ತೆಗೆದರೆ ನಾದಿನಿ, ಅವಳ ಗಂಡ, ಇಬ್ಬರು ಮಕ್ಕಳು.

“ಭಾಭಿ, ನೀವೂ ಹ್ಯಾಲೊವೀನ್ ಮಾಡ್ತೀರಾ?” ಅಂದಳು ನನ್ನ ತಲೆ ನೋಡಿ. ಆಮೇಲೆ, “ಕರೆಕ್ಟ್ ಮೂರೂವರೆ ನೋಡಿ!” ಎಂದು ತನ್ನ ಕೈ ಮುಂದೆ ಹಿಡಿದಳು.

ಪಾಪ, ಅವರು ಗಡಿಯಾರ ಹಿಂದೆ ಇಡುವುದನ್ನೂ ಮರೆತಿದ್ದರು, ಇಲ್ಲಿ ಒಂದು ಗಂಟೆ ಹಿಂದೆ ಅನ್ನುವುದನ್ನೂ ಮರೆತಿದ್ದರು. ಎರಡೂ ಸೇರಿ ಎರಡು ಗಂಟೆ ಮುಂಚೆ ಬಂದಿದ್ದರು. ಜೀವಮಾನದಲ್ಲಿ ಎಲ್ಲಿಗೂ ಟೈಮಿಗೆ ಹೋಗದ ಹೆಂಗಸು ನನ್ನ ಮನೆಗೆ ಮಾತ್ರ ಎರಡು ಗಂಟೆ ಮುಂಚೆ ಬರಬೇಕೆ? ಮತ್ತೆ ಅವಳ ಬಾಯಿ ಎಂಥದ್ದೆಂದರೆ, ಇಲ್ಲಿ ಕಂಡದ್ದು ನಾಳೆ ಮಿಷಿಗನ್ನಿನ ಅಷ್ಟೂ ಮನೆಗಳಲ್ಲಿ ಪ್ರಸಾರವಾಗುತ್ತದೆ. ಅಲ್ಲಿಂದ ಮುಂದೆ ನನ್ನ ಕೈ ನನ್ನ ಹಿಡಿತದಲ್ಲಿರಲಿಲ್ಲ. ತಲೆ ತೊಳೆದೆನೋ, ಈರುಳ್ಳಿ ತೊಳೆದೆನೋ, ದೇವರೇ ಬಲ್ಲ.

ಮಗಳು ಮಾತ್ರ ಶಾಂತವಾಗಿದ್ದಳು. ಹಸಿರು ಘರಾರಾ ಹಾಕಿಕೊಂಡು, ಮೂರು ಗಂಟೆಗೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಬಂದ ದೆವ್ವಗಳಿಗೆಲ್ಲ ತಾನೇ ಚಾಕೊಲೇಟು ಹಂಚುತ್ತೇನೆ ಅಂದಳು. ಬೇಡವೆಂದೆ, ಕೇಳಲಿಲ್ಲ. ಅತ್ತೆ ಕಿಟಕಿಯಿಂದ ಇಣುಕಿ, “ಹಾಡಹಗಲ ದೆವ್ವ ಬಂದಾವಲ್ಲವಾ, ಅದೂ ಅವ್ವನ ಕೈ ಹಿಡಕೊಂಡು!” ಎಂದು ಒಬ್ಬರೇ ನಕ್ಕರು. ನಾನು ಅಡುಗೆಮನೆಯಿಂದ ಆಗಾಗ ಹಣಕಿ ನೋಡುತ್ತಿದ್ದೆ. ಹೊಟ್ಟೆಯಲ್ಲಿ ಹನಿ ನೀರಿಲ್ಲದ ಮಗು ಮಡಿಲಲ್ಲಿ ಬುಟ್ಟಿ ತುಂಬ ಚಾಕೊಲೇಟು ಇಟ್ಟುಕೊಂಡು, ಒಂದನ್ನೂ ಬಾಯಿಗೆ ಹಾಕದೆ, ಕಂಡವರ ಮಕ್ಕಳಿಗೆ ಹಂಚುತ್ತಿದೆ. ನನಗೆ ಹೆಮ್ಮೆಯೋ ಹೆಮ್ಮೆ. ನಾದಿನಿ ನೋಡುತ್ತಿದ್ದಾಳಾ ಎಂದು ಕೂಡ ಒಮ್ಮೆ ತಿರುಗಿ ನೋಡಿದೆ, ಯಾಕೆ ಸುಳ್ಳು ಹೇಳಲಿ.

ಸ್ವಲ್ಪ ಹೊತ್ತಿಗೆ ಊಟದ ಮೇಜಿನ ಕಡೆ ಕುರ್ಚಿ ಸರಿದ ಸದ್ದು. ಹೋಗಿ ನೋಡಿದೆ. ಮಗಳು ಒಬ್ಬಳೇ ಕೂತಿದ್ದಳು. ಮುಂದೆ ಖಾಲಿ ನೀರಿನ ಲೋಟ. ಅಂಗೈಯಲ್ಲಿ ಖರ್ಜೂರದ ಬೀಜ. ತಲೆಯ ಮೇಲೆ ದುಪಟ್ಟ ಸರಿಯಾಗಿ ಹೊದ್ದುಕೊಂಡಿದ್ದಳು, ದುವಾ ಪ್ರಾರ್ಥನೆ ಓದಿಯೇ ತಿಂದಿದ್ದಳು.

“ಐ ಡಿಡ್ ಇಟ್, ಅಮ್ಮಿ!” ಎಂದಳು. ಅಂಥ ನಗು ನಾನು ಅವಳ ಮುಖದಲ್ಲಿ ಹಿಂದೆ ನೋಡಿರಲಿಲ್ಲ. “ನಾಲ್ಕು ನಲವತ್ತೇಳು, ಎಗ್ಸಾಕ್ಟ್ಲಿ!” ಎಂದು ಕೆಂಪು ಪಟ್ಟಿಯ ಕೈ ಎತ್ತಿ ತೋರಿಸಿದಳು. ವಾಚ್‌ನಲ್ಲಿ ನಾಲ್ಕು ನಲವತ್ತೆಂಟು. ಅವಳ ತಲೆಯ ಮೇಲಿನ ಗೋಡೆ ಗಡಿಯಾರದಲ್ಲಿ ಮೂರು ನಲವತ್ತೆಂಟು. ಹೊರಗೆ ಬಿಸಿಲು.

ನನ್ನ ಮುಖ ನೋಡಿ ಅವಳೂ ತಿರುಗಿ ಗೋಡೆ ನೋಡಿದಳು. ಜಾಣ ಹುಡುಗಿ, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಶನಿವಾರ ಅವರಪ್ಪ ಕುರ್ಚಿ ಹತ್ತಿದ್ದು ನೆನಪಾಗಿರಬೇಕು. ನಗು ಮೆಲ್ಲಗೆ ಆರಿಹೋಯಿತು. ಬೀಜವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಇಟ್ ಬ್ರೋಕ್,” ಎಂದಳು. “ನನ್ನ ರೋಜಾ ಬ್ರೋಕ್.”

ನಾನು ಏನು ಮಾಡಬೇಕಿತ್ತು? ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ತಪ್ಪು ನನ್ನದು ಕಂದ, ನಾನೇ ವಾಚ್ ನೋಡಿಕೋ ಅಂದವಳು, ನಾನೇ ಅದನ್ನು ತಿರುಗಿಸಲು ಮರೆತವಳು ಎನ್ನಬೇಕಿತ್ತು. ಪಕ್ಕದ ಕೋಣೆಯಲ್ಲಿ ನಮಾಜು ಮಾಡುತ್ತಿದ್ದ ಅತ್ತೆಯನ್ನು ಕರೆಯಬೇಕಿತ್ತು. ಆದರೆ ನನ್ನ ಕಿವಿ ಹಾಲಿನಲ್ಲಿದ್ದ ನಾದಿನಿಯ ಕಡೆಗಿತ್ತು. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ಬರುವವರಿದ್ದರು. ಅಂಗಡಿಯಿಂದ ತಂದ ಗುಲಾಬಿಯನ್ನು ಅತ್ತೆ ಬೆಳಿಗ್ಗೆಯೆಲ್ಲ ಕೂತು ಪೋಣಿಸಿದ ಹಾರ ಫ್ರಿಜ್‌ನಲ್ಲಿತ್ತು.

ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ: “ಏನೂ ಆಗಿಲ್ಲ, ಬಿಡು. ಇಟ್ಸ್ ಓಕೆ. ಯಾರಿಗೂ ಹೇಳ್ಬೇಡ. ಇನ್ನೊಂದು ಗಂಟೆ ಸುಮ್ನಿರು, ಆಮೇಲೆ ಎಲ್ರ ಜೊತೆ ಇನ್ನೊಂದು ಖರ್ಜೂರ ತಿನ್ನು, ಅಷ್ಟೇ.”

“ದಟ್ಸ್ ಲೈಯಿಂಗ್.”

“ಸುಳ್ಳಲ್ಲ ಕಣೇ, ಅಡ್ಜಸ್ಟ್ ಮಾಡ್ಕೊಳ್ಳೋದು. ಇಡೀ ದೇಶನೇ ಇವತ್ತು ಒಂದು ಗಂಟೆ ಅಡ್ಜಸ್ಟ್ ಮಾಡ್ಕೊಂಡಿಲ್ವಾ?”

ಎಂಥ ಮಾತು ನೋಡಿ! ಆ ಗಳಿಗೆಯಲ್ಲಿ ಅದು ನನಗೆ ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತ್ತು. ಲೋಟ ತೊಳೆದಿಟ್ಟೆ. ಬೀಜವನ್ನು ಅವಳ ಮುಷ್ಟಿಯಿಂದ ಬಿಡಿಸಿ ಕಸಕ್ಕೆ ಹಾಕಿದೆ. ಮುಖ ಒರೆಸಿ, ಕೈಗಡಿಯಾರದ ಮುಳ್ಳನ್ನೂ ಒಂದು ಗಂಟೆ ಹಿಂದೆ ತಿರುಗಿಸಿದೆ. ಅವಳು ಕೈ ಚಾಚಿಕೊಂಡೇ ಕೂತಿದ್ದಳು.

ನಾಲ್ಕು ನಲವತ್ತೇಳಕ್ಕೆ ಮನೆ ತುಂಬಿತ್ತು. ಮಗಳ ಕೊರಳಿಗೆ ಹಾರ ಬಿತ್ತು. ಎಲ್ಲರೂ ಮಾಷಾ ಅಲ್ಲಾ ಅಂದರು, ಗಲ್ಲ ಸವರಿದರು, ನಟಿಕೆ ಮುರಿದರು. ನಾದಿನಿ ತಾನೇ ಖರ್ಜೂರ ಎತ್ತಿ ಅವಳ ಬಾಯಿಗಿಟ್ಟು, “ನಮ್ಮ ಮನೆಯವಕ್ಕೆ ಹತ್ತು ವರ್ಷವಾದರೂ ಮಧ್ಯಾಹ್ನದವರೆಗೆ ತಡೆಯೋಕಾಗಲ್ಲ, ಇವಳನ್ನ ನೋಡಿ ಕಲೀರಿ!” ಎಂದು ತನ್ನ ಮಕ್ಕಳಿಗೆ ಅಷ್ಟು ಜನರೆದುರು ಬೈದಳು. ಹಾಗೆ ಬೈಯಲಿ ಎಂದೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು? ಆದರೆ ಆ ಹೊತ್ತಿಗೆ ನಾನು ಅರ್ಧ ತಿಂದ ಸಮೋಸವನ್ನು ತಟ್ಟೆಯಲ್ಲೇ ಬಿಟ್ಟೆ. ಮಗಳು ಹಾರದೊಳಗಿಂದ ನೆಟ್ಟಗೆ ಮುಂದೆ ನೋಡುತ್ತಿದ್ದಳು. ಒಂದಿಷ್ಟು ನೀರು ಕುಡಿದಳು, ಬೇರೇನೂ ಮುಟ್ಟಲಿಲ್ಲ. ಸುಸ್ತಾಗಿದೆ ಪಾಪ, ಮೊದಲ ರೋಜಾ ಅಲ್ವಾ, ಅಂದರು ಎಲ್ಲರೂ. ನಾನೂ ಹೌದೆಂದೆ.

ಮೂವತ್ತು ವರ್ಷ ಮಕ್ಕಳ ಮುಖ ಓದಿದ ಟೀಚರು ನಮ್ಮತ್ತೆ. ಮೊಮ್ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಚಹಾ ಕುಡಿದರು.

ಸೋಮವಾರ ನನಗೆ ರೋಜಾ ಇರಲಿಲ್ಲ. ಹೆಂಗಸರಿಗೆ ತಿಂಗಳಿಗೊಮ್ಮೆ ಸಿಗುವ ರಜೆ. ಹಾಗಾಗಿ ಸೆಹ್ರಿಗೆ ಏಳದೆ ಚೆನ್ನಾಗಿ ನಿದ್ದೆ ಮಾಡಿದೆ. ಎದ್ದಾಗ ಯಜಮಾನರು ಶೂ ಹಾಕಿಕೊಳ್ಳುತ್ತಿದ್ದರು, ಮಗಳು ಸ್ಕೂಲಿಗೆ ರೆಡಿಯಾಗಿ ಕೂತಿದ್ದಳು, ಹಾಲು ಕುಡಿದಾಯಿತು ಅಂದಳು. ಡಬ್ಬಿಗೆ ಹಿಂದಿನ ದಿನದ ಬಿರಿಯಾನಿ ಹಾಕಿ ಕಳಿಸಿದೆ. ಒಂದು ಮಾತು ಆಡಬೇಕು, ಸಂಜೆ ಆಡೋಣ, ಮರೆತಿರುತ್ತಾಳೆ ಬಿಡು, ಮಕ್ಕಳು ಎಲ್ಲ ಮರೆಯುತ್ತವೆ. ಹೀಗೆ ದಿನವಿಡೀ ನನಗೆ ನಾನೇ ಹೇಳಿಕೊಂಡು ಪಾತ್ರೆ ತಿಕ್ಕಿದೆ.

ಮೂರೂವರೆಗೆ ಸ್ಕೂಲಿಂದ ಬಂದಳು. ಬ್ಯಾಗಿನಿಂದ ಡಬ್ಬಿ ತೆಗೆದರೆ ಭಾರವಾಗಿತ್ತು. ಮುಚ್ಚಳ ತೆಗೆದೆ, ಒಂದು ಅಗುಳು ಕದಲಿರಲಿಲ್ಲ. ನನಗೆ ಎಲ್ಲಿಂದ ಬಂತೋ ಸಿಟ್ಟು.

“ಏನೇ ಇದು? ಬೆಳಿಗ್ಗೆ ಎದ್ದು ನಾನೇನು ಕಸದ ಬುಟ್ಟಿಗೆ ಡಬ್ಬಿ ಕಟ್ಟೋದಾ? ನಿನ್ನೆನೂ ತಿನ್ನಲಿಲ್ಲ, ಇವತ್ತೂ ಇಲ್ಲ. ಹೀಗಾದ್ರೆ ನಾಳೆಯಿಂದ ಡಬ್ಬಿನೇ ಇಲ್ಲ ನೋಡು!”

ಮಗಳು ದಾದಿಯ, ಅಂದರೆ ತನ್ನ ಅಜ್ಜಿಯ ಕಡೆ ನೋಡಿದಳು. ಅತ್ತೆ ತಸ್ಬಿಯ ಜಪಮಣಿ ಎಣಿಸುತ್ತಿದ್ದವರು ಕೈ ನಿಲ್ಲಿಸಿದರು.

“ಆಕಿಗಿ ಬೈಬ್ಯಾಡ,” ಅಂದರು. “ಆಕಿ ರೋಜಾ ಅದಾಳ.”

“ರೋಜಾನಾ? ಇವತ್ತಾ? ಸ್ಕೂಲಿರೋ ದಿನ? ಯಾರನ್ನ ಕೇಳಿ?”

“ನನ್ನ ಕೇಳಿ.”

ನಾನು ಡಬ್ಬಿ ಹಿಡಿದು ನಿಂತೇ ಇದ್ದೆ. ಅತ್ತೆ ಸಾವಕಾಶವಾಗಿ ಹೇಳಿದರು: “ನಿನ್ನಿ ಮಂದಿ ಎಲ್ಲಾ ಹೋದ ಮ್ಯಾಲ ಬಂದು ನನ್ನ ಮುಂದ ಅತ್ತಳು. ಏನ ಆಗಿಲ್ಲ ಬೇಟಿ, ನೀ ಸಣ್ಣಾಕಿ, ಅಲ್ಲಾಹ್ ಎಲ್ಲಾ ನೋಡ್ಯಾನ ಅಂತ ನಾನೂ ಹೇಳಿದೆ. ಆದರ ಆಕಿಗಿ ಸಮಾಧಾನ ಆಗಲಿಲ್ಲ. ಹಂಗಾರ ನಾಳಿ ಒಂದು ಹಿಡಿಯವಾ ಅಂದೆ. ಮುಂಜಾನೆ ನಾನ ಎಬ್ಬಿಸಿದೆ. ಆಕಿಯ ಅಪ್ಪನೂ ಸಂಗಾಟ ಕುಂತು ಉಂಡ.”

ಯಜಮಾನರೂ! ಶೂ ಹಾಕಿಕೊಳ್ಳುತ್ತ ‘ಇವತ್ತು ಚಳಿ ಜಾಸ್ತಿ ಕಣೇ’ ಎಂದು ಎಷ್ಟು ಅಮಾಯಕವಾಗಿ ಹೇಳಿಹೋಗಿದ್ದರು ಆ ಮನುಷ್ಯ. ಅಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಮಗಳ ಮುಂದೆ ಮಂಡಿಯೂರಿ ಕೂತೆ. “ನನಗ್ಯಾಕೆ ಹೇಳ್ಲಿಲ್ಲ ಚಿನ್ನಾ?”

“ಯು ಸೆಡ್ ಡೋಂಟ್ ಟೆಲ್ ಎನಿಬಡಿ.”

“ಯಾರಿಗೂ ಅಂದ್ರೆ ಬೇರೆಯವರಿಗೆ ಕಣೇ. ದಾದಿಗೆ ಹೇಳ್ದೆ, ಅಬ್ಬಾಗೆ ಹೇಳ್ದೆ, ನನಗೊಬ್ಬಳಿಗೆ ಹೇಳಬಾರದಾ?”

ಅವಳು ಸ್ವಲ್ಪ ಯೋಚಿಸಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ನಾಟಿದ್ದು. ಲೆಕ್ಕದ ಉತ್ತರ ಹೇಳುವ ಹಾಗೆ ಹೇಳಿದಳು: “ಬಿಕಾಸ್ ಯು ವುಡ್ ಸೇ ಇಟ್ಸ್ ಓಕೆ.”

ಅತ್ತೆ ಮತ್ತೆ ತಸ್ಬಿ ಎಣಿಸತೊಡಗಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಸ್ವಲ್ಪ ಹೊತ್ತು ಕಣ್ಣೀರು ಹಾಕಿದೆ. ಆಮೇಲೆ ಮೂಗೊರೆಸಿಕೊಂಡು ಕಡಲೆಹಿಟ್ಟು ಕಲಸಿದೆ. ಹಿಂದಿನ ದಿನ ಇಪ್ಪತ್ತು ಜನಕ್ಕೆ ಕರಿದು ಕೈ ನೋಯುತ್ತಿತ್ತು, ಆದರೂ ಬಾಳೆಕಾಯಿ, ಆಲೂಗೆಡ್ಡೆ, ದಪ್ಪ ಮೆಣಸಿನಕಾಯಿ, ಮನೆಯಲ್ಲಿದ್ದದ್ದನ್ನೆಲ್ಲ ಹೆಚ್ಚಿ ಬಜ್ಜಿ ಕರಿದೆ. ಯಜಮಾನರು ಓಕ್ ಬ್ರೂಕ್‌ನಿಂದ ಅವತ್ತು ಬೇಗ ಬಂದರು. ನನ್ನ ಮುಖ ನೋಡಿ ಸೀದಾ ಕೈ ತೊಳೆಯಲು ಹೋದರು.

ನಾವು ನಾಲ್ವರೇ ಮೇಜಿನ ಸುತ್ತ ಕೂತೆವು. ಹಾರವಿಲ್ಲ, ಘರಾರಾ ಇಲ್ಲ, ಮಗಳು ಸ್ಕೂಲಿನ ಸ್ವೆಟರಿನಲ್ಲೇ ಇದ್ದಳು, ತುಟಿ ಒಣಗಿತ್ತು. ಹೊರಗೆ ಎದುರು ಮನೆಗಳ ಹಿಂದೆ ಬೆಳಕು ಇಳಿಯಿತು. ಅತ್ತೆ ಕಿಟಕಿಯ ಬಳಿ ಹೋಗಿ ಆಕಾಶ ನೋಡಿ, ಬಂದು ಕೂತು, “ಹಂ, ಈಗ ತಗೋ” ಅಂದರು. ಮಗಳು ದುವಾ ಓದಿ ಖರ್ಜೂರ ಬಾಯಿಗಿಟ್ಟುಕೊಂಡಳು, ಎರಡು ಲೋಟ ನೀರನ್ನು ಒಂದೇ ಉಸಿರಿಗೆ ಕುಡಿದಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಬಜ್ಜಿಗೆ ಕೈ ಹಾಕಿದಳು.

ನಾನು ಕಾದು ಕಾದು ಕೊನೆಗೆ ಹೇಳಿದೆ. ಅತ್ತೆಯ ಮುಂದೆ, ಗಂಡನ ಮುಂದೆ ಎಂಟು ವರ್ಷದ ಮಗುವಿನ ಹತ್ತಿರ ಹಾಗೆ ಹೇಳುವುದು ನನ್ನಂಥ ಬಾಯಿಯ ಹೆಂಗಸಿಗೂ ಸುಲಭವಾಗಿರಲಿಲ್ಲ. “ನಿನ್ನೆ ನಾನು ನಿನ್ನ ಕೈಲಿ ಸುಳ್ಳು ಹೇಳಿಸಿದೆ. ಅಡ್ಜಸ್ಟೂ ಅಲ್ಲ, ಮಣ್ಣೂ ಅಲ್ಲ. ತಪ್ಪಾಯ್ತು ಕಂದ.”

“ಐ ನೋ,” ಎಂದಳು ಮಗಳು, ಬಜ್ಜಿಯೊಳಗಿನ ಮೆಣಸಿನಕಾಯಿಯನ್ನು ಮೆಲ್ಲಗೆ ಎಳೆದು ನನ್ನ ತಟ್ಟೆಗೆ ಹಾಕುತ್ತ.